ಒಂದು ಬುಕ್ಕು, ಒಂದು ಪೆನ್ನು, ಎಂಟು ಪ್ರೊಸೆಸರ್

ಹೋದ ಶನಿವಾರ ನಮ್ಮ ಕಂಪನಿಯ ಗೇಟಿನಲ್ಲಿ ನನ್ನನ್ನು ಒಳಗೆ ಬಿಡಲಿಲ್ಲ.

ಒಂಬತ್ತು ವರ್ಷದಿಂದ ಅದೇ ಗೇಟಿನಲ್ಲಿ ಒಳಗೆ ಹೋಗಿ ಅದೇ ಗೇಟಿನಲ್ಲಿ ಹೊರಗೆ ಬರುತ್ತಿದ್ದೇನೆ. ಗೇಟಿನ ಸೆಕ್ಯುರಿಟಿ ಹೊಂಬೇಗೌಡರಿಗೆ ನನ್ನ ಹೆಸರು ಗೊತ್ತು, ಸ್ಕೂಟರ್ ನಂಬರ್ ಗೊತ್ತು, ಯಾವ ದಿನ ನನ್ನ ಡಬ್ಬಿಯಲ್ಲಿ ಚಿತ್ರಾನ್ನ ಇರುತ್ತದೆ ಅನ್ನುವುದೂ ಗೊತ್ತು. ಗೊತ್ತಿದ್ದರೇನು? ಅವತ್ತು ಐಡಿ ಕಾರ್ಡನ್ನು ರಾಮನಗರದ ಮನೆಯಲ್ಲಿ ಟಿವಿ ಮೇಲೆ ಬಿಟ್ಟು ಬಂದಿದ್ದೆ. ಕಾರ್ಡ್ ಇಲ್ಲದವರು ಬುಕ್ಕಿನಲ್ಲಿ ಬರೆದೇ ಒಳಗೆ ಹೋಗಬೇಕು. ಬುಕ್ಕಿನ ಮುಂದೆ ಅರವತ್ತು ಎಪ್ಪತ್ತು ಜನ ನಿಂತಿದ್ದರು.

"ಲೈನಲ್ ಬನ್ನಿ ಸಾ," ಅಂದರು ಹೊಂಬೇಗೌಡರು, ತಲೆ ಎತ್ತದೆ.

ಹೋಗಿ ಲೈನಿನ ಕೊನೆಯಲ್ಲಿ ನಿಂತೆ. ಒಳಗೆ ನಮ್ಮ ಸರ್ವರ್ ಏದುಸಿರು ಬಿಡುತ್ತಿತ್ತು. ಅದಕ್ಕೆ ಮದ್ದು ಕೊಡಬೇಕಾದವನು ನಾನೊಬ್ಬನೇ. ಮ್ಯಾನೇಜರು ಐದು ನಿಮಿಷಕ್ಕೊಮ್ಮೆ ನನ್ನ ಮೊಬೈಲಿಗೆ ಫೋನ್ ಮಾಡಿ ಎಲ್ಲಿದ್ದೀರಿ ಅಂತ ಕೇಳುತ್ತಿದ್ದರು. ಗೇಟಿನಲ್ಲಿದ್ದೇನೆ ಅಂತ ನಾನು ಹೇಳುತ್ತಿದ್ದೆ. (ಅವರೇ ಗೇಟಿಗೆ ಫೋನ್ ಮಾಡಿ ನನ್ನನ್ನು ಬಿಡಲು ಹೇಳಬಹುದಿತ್ತಲ್ಲ ಅಂತೀರಾ? ಮಾಡಿದರು. ಹೊಂಬೇಗೌಡರು ಬುಕ್ಕಿನಲ್ಲಿ ಬರೆಯುತ್ತಿದ್ದರು. ಎತ್ತಲಿಲ್ಲ.)

ಮುಂದೆ ಹೋಗುವ ಮೊದಲು ನನ್ನ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಪ್ರತಿ ವಾರ ಈ ಅಂಕಣ ಓದುವವರಲ್ಲಿ ಅರ್ಧ ಜನ ನಾನು ಹಾರೋಹಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದೇನೆ ಅಂದುಕೊಂಡಿದ್ದೀರಿ. ಹೋದ ತಿಂಗಳು ಓದುಗರೊಬ್ಬರು ಮಾಗಡಿಯಿಂದ ಬಸ್ಸಿನಲ್ಲಿ ಪ್ರಿಂಟರ್ ಹೊತ್ತುಕೊಂಡು ಬಂದಿದ್ದರು. ಅದೂ ರಿಪೇರಿಯಾಯಿತು, ಆ ಮಾತು ಬೇರೆ.

ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಗಳ ವೆಬ್‌ಸೈಟುಗಳನ್ನು ನಮ್ಮ ಕಂಪನಿ ನೋಡಿಕೊಳ್ಳುತ್ತದೆ. ಆ ವೆಬ್‌ಸೈಟುಗಳು ಕೂತಿರುವ ಸರ್ವರ್ ಎಂಬ ಯಂತ್ರವನ್ನು ನಾನು ನೋಡಿಕೊಳ್ಳುತ್ತೇನೆ. ಈ ಸಲ ಎರಡು ರಸ್ತೆ ಆಚೆಯ ದೊಡ್ಡ ಫ್ಯಾಕ್ಟರಿಯೊಂದು ಕೆಲಸಕ್ಕೆ ಟ್ರೈನಿಗಳನ್ನು ತೆಗೆದುಕೊಳ್ಳುತ್ತಿತ್ತು. ಅರ್ಜಿ ಆನ್‌ಲೈನಿನಲ್ಲಿ ಮಾತ್ರ. ಕಾಗದದಲ್ಲಿ ಬರೆದು ತಂದರೆ ಕಸದ ಬುಟ್ಟಿಗೆ. ಕೊನೆಯ ದಿನ ಶನಿವಾರ, ಸಂಜೆ ಐದು ಗಂಟೆ. ಜಾಹೀರಾತಿನ ಕೆಳಗೆ ಸಣ್ಣ ಅಕ್ಷರದಲ್ಲಿ, ತೊಂದರೆಯಾದರೆ ಸಂಪರ್ಕಿಸಿ ಅಂತ ನಮ್ಮ ವಿಳಾಸ ಹಾಕಿದ್ದರು. ತೊಂದರೆಯಾಗಿತ್ತು. ಅರವತ್ತು ಎಪ್ಪತ್ತು ಜನ ಸಂಪರ್ಕಿಸಲು ಬಂದಿದ್ದರು.

ತೊಂದರೆ ಏನು?

ವೆಬ್‌ಸೈಟಿಗೂ ಒಂದು ಬಾಗಿಲಿರುತ್ತದೆ. ಅದನ್ನು ಸಾಕೆಟ್ ಅನ್ನುತ್ತಾರೆ. ನಿಮ್ಮ ಕಂಪ್ಯೂಟರ್ ಮೊದಲು ಬಾಗಿಲಿಗೆ ಬಂದು "ಒಳಗೆ ಬರಲಾ?" ಅನ್ನುತ್ತದೆ. ಸರ್ವರ್ "ಬನ್ನಿ" ಅನ್ನುತ್ತದೆ. ನಿಮ್ಮದು "ಬಂದೆ" ಅನ್ನುತ್ತದೆ. ಮೂರು ಮಾತು. ಆಮೇಲೆ ಅರ್ಜಿ, ಫೋಟೊ, ಮಾರ್ಕ್ಸ್ ಕಾರ್ಡ್ ಎಲ್ಲ.

ಗುರುವಾರ ಮಧ್ಯಾಹ್ನದಿಂದ ಯಾರೋ ಪುಣ್ಯಾತ್ಮರು ಎಲ್ಲಿಂದಲೋ ಸೆಕೆಂಡಿಗೆ ಸಾವಿರ ಸಾವಿರ "ಒಳಗೆ ಬರಲಾ?" ಕಳಿಸಲು ಶುರು ಮಾಡಿದ್ದರು. "ಬನ್ನಿ" ಅಂದರೆ ಆ ಕಡೆಯಿಂದ ಸದ್ದಿಲ್ಲ. ಇದಕ್ಕೆ ಫ್ಲಡ್ ಅಟ್ಯಾಕ್ ಅನ್ನುತ್ತಾರೆ. ಯಾರು ಮಾಡಿದರು, ಯಾಕೆ ಮಾಡಿದರು ಅನ್ನುವುದು ಇವತ್ತಿಗೂ ಗೊತ್ತಾಗಿಲ್ಲ. ನಮ್ಮ ಸರ್ವರ್ ಬಹಳ ಮರ್ಯಾದಸ್ಥ. "ಬರಲಾ" ಅಂದ ಪ್ರತಿಯೊಬ್ಬರ ಹೆಸರನ್ನೂ ಬರೆದುಕೊಂಡು, ಬಂದೇ ಬರುತ್ತಾರೆ ಅಂತ ಕಾಯುತ್ತಿತ್ತು. ಬರುವವರೇ ಅಲ್ಲದವರ ಹೆಸರಿನಿಂದ ಪಟ್ಟಿ ತುಂಬಿ, ನಿಜವಾಗಿ ಅರ್ಜಿ ಹಾಕುವವರು ಹೊರಗೆ ಉಳಿದರು.

ಇದಕ್ಕೆ ಹಳೆಯ ಮದ್ದೊಂದಿದೆ. ಹೆಸರು ಬರೆದುಕೊಂಡು ಕಾಯಬಾರದು. ಬಂದವರ ಕೈಗೇ ಗುರುತು ಹಾಕಿದ ಒಂದು ಚೀಟಿ ಕೊಟ್ಟು ಕಳಿಸಬೇಕು. ನಿಜವಾದವರು ಚೀಟಿ ಹಿಡಿದು ವಾಪಸ್ ಬರುತ್ತಾರೆ. ಗುರುತು ನೋಡಿ, ಆಗ ಬರೆದುಕೊಂಡರಾಯಿತು. ಸುಳ್ಳು ಗಿರಾಕಿಗಳಿಗೆ ಕೊಟ್ಟ ಚೀಟಿ ಅವರ ಹತ್ತಿರವೇ ಕೊಳೆಯಲಿ. ಶುಕ್ರವಾರ ಬೆಳಿಗ್ಗೆ ನಾನು ಆ ಚೀಟಿ ಪದ್ಧತಿ ಚಾಲೂ ಮಾಡಿ, ಕೈ ಒರೆಸಿಕೊಂಡು, ಕ್ಯಾಂಟೀನಿಗೆ ಹೋಗಿ ಕಾಫಿ ಕುಡಿದೆ. ವಾಪಸ್ ಬಂದು ನೋಡಿದರೆ ಸರ್ವರ್ ಇದ್ದ ಹಾಗೇ ಇತ್ತು.

ಮ್ಯಾನೇಜರು ದೊಡ್ಡ ಸರ್ವರ್ ತರಿಸೋಣ ಅಂದರು. ಹಳೆಯದರಲ್ಲಿ ಎರಡು ಪ್ರೊಸೆಸರ್, ಅಂದರೆ ಕೆಲಸ ಮಾಡುವ ಎರಡು ತಲೆ. ಹೊಸದರಲ್ಲಿ ಎಂಟು. ಶುಕ್ರವಾರ ಸಂಜೆಯೇ ಬಂತು, ರಾತ್ರಿಯೇ ಚಾಲೂ ಮಾಡಿದೆ. ಮ್ಯಾನೇಜರ ಮನೆ ಚನ್ನಪಟ್ಟಣದಲ್ಲಿ. ಶನಿವಾರ ಬೆಳಿಗ್ಗೆ ಬರುವಾಗ ಕೆಂಗಲ್‌ನಲ್ಲಿ ಕಾರು ನಿಲ್ಲಿಸಿ ಆಂಜನೇಯನ ಕುಂಕುಮ ತಂದು ಸರ್ವರ್‌ಗೆ ಇಟ್ಟರು. ಕೇಬಲ್ ಚುಚ್ಚುವ ಜಾಗ ಬಿಟ್ಟು ಇಡಿ ಅಂತ ನಾನು ಹಿಂದಿನ ದಿನವೇ ಹೇಳಿ ಹೋಗಿದ್ದೆ.

ಎಂಟು ಪ್ರೊಸೆಸರಿನ ಸರ್ವರ್ ಎರಡು ಪ್ರೊಸೆಸರಿನದಕ್ಕಿಂತ ನಿಧಾನವಾಗಿತ್ತು.

ಯಾಕೆ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ವಿಷಯ ಗೊತ್ತಿರುವವನ ಹಾಗೆ ಮುಖ ಮಾಡಿಕೊಂಡು ಶನಿವಾರ ಹತ್ತು ಗಂಟೆಗೆ ಗೇಟಿಗೆ ಬಂದೆ. ಕಾರ್ಡ್ ಇರಲಿಲ್ಲ.

ಲೈನಿನಲ್ಲಿ ನನ್ನ ಮುಂದೆ ಒಬ್ಬ ಹುಡುಗಿ ನಿಂತಿದ್ದಳು. ಹೆಸರು ಸವಿತಾ, ಊರು ಮಾಗಡಿ ತಾಲ್ಲೂಕಿನ ಕಲ್ಯ. ಇದನ್ನು ನಾನು ಕೇಳಿ ತಿಳಿದುಕೊಂಡದ್ದಲ್ಲ. ಅವಳ ಕೈಯಲ್ಲಿದ್ದ ಫೈಲಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಕೊಂಡಿದ್ದಳು, ಬಸ್ಸಿನಲ್ಲಿ ಬಿಟ್ಟುಹೋದರೆ ಯಾರಾದರೂ ತಂದುಕೊಡಲಿ ಅಂತ. ಕಲ್ಯದಿಂದ ಮಾಗಡಿ, ಮಾಗಡಿಯಿಂದ ರಾಮನಗರ, ರಾಮನಗರದಿಂದ ಕನಕಪುರ, ಕನಕಪುರದಿಂದ ಹಾರೋಹಳ್ಳಿ. ನಾಲ್ಕು ಬಸ್ಸು. ಎರಡು ದಿನ ಮಾಗಡಿಯ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಸೈಟ್ ಓಪನ್ ಆಗದೆ, ಮೂರನೆಯ ದಿನ ಇಲ್ಲಿಗೇ ಬಂದಿದ್ದಳು.

ಮನೆಯವರು ಬೇಸಾಯದವರು. ಇವಳು ಎಲೆಕ್ಟ್ರಾನಿಕ್ಸ್ ಡಿಪ್ಲೊಮ ಓದಿದ್ದಾಳೆ. ಮಧ್ಯದಲ್ಲಿ ಎರಡು ವರ್ಷ ಗಾರ್ಮೆಂಟ್ಸಿಗೆ ಹೋಗಿ ಫೀಸಿಗೆ ದುಡಿದುಕೊಂಡು ಮತ್ತೆ ಕಾಲೇಜಿಗೆ ಸೇರಿದ್ದರಿಂದ ಓದು ಮುಗಿಯುವುದು ತಡವಾಯಿತು. ಆ ಫ್ಯಾಕ್ಟರಿ ಟ್ರೈನಿಗಳನ್ನು ತೆಗೆದುಕೊಳ್ಳುವುದು ವರ್ಷಕ್ಕೆ ಒಂದೇ ಸಲ. ಅರ್ಜಿ ಹಾಕುವ ದಿನಕ್ಕೆ ಇಪ್ಪತ್ತೈದು ತುಂಬಿರಬಾರದು. ಅವಳಿಗೆ ಮುಂದಿನ ತಿಂಗಳು ತುಂಬುತ್ತದೆ.

"ಇವತ್ತು ಐದು ಗಂಟೆ ಒಳಗೆ ಹೋದ್ರೆ ಹೋಯ್ತು ಸಾರ್, ಇಲ್ದಿದ್ರೆ ಇಲ್ಲ," ಅಂದಳು. ಬಸ್ಸಿನ ಟೈಮು ಹೇಳಿದ ಹಾಗೆ ಹೇಳಿದಳು. ಆ ಸೈಟ್ ನೋಡಿಕೊಳ್ಳುವವನು ನಾನೇ ಅಂತ ಅವಳಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ನನ್ನ ಸ್ಕೂಟರ್‌ನ ಹೆಲ್ಮೆಟ್ಟನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡೆ.

(ಕೊನೆಯ ದಿನ ಮುಂದಕ್ಕೆ ಹಾಕಿಸಬಹುದಿತ್ತಲ್ಲ? ಕೇಳಿದ್ದೆವು. ಮುಂದಕ್ಕೆ ಹಾಕುವವರು ಇರುವುದು ಮುಂಬೈಯಲ್ಲಂತೆ. ಶನಿವಾರ ಅವರಿಗೆ ರಜೆಯಂತೆ. ನಾವೇ ಒಳಗಿನಿಂದ ಅರ್ಜಿ ಸೇರಿಸಬಹುದಿತ್ತಲ್ಲ? ಹಾಗೆ ಸೇರಿಸುವುದಕ್ಕೆ ಬೇರೆ ಹೆಸರಿದೆ. ಅದನ್ನು ಮಾಡಿದವರು ಆಮೇಲೆ ಪೇಪರಿನ ಬೇರೆ ಪುಟದಲ್ಲಿ ಬರುತ್ತಾರೆ.)

ಈಗ ಗೇಟಿನ ಕಡೆ ನೋಡಿ.

ಹೊಂಬೇಗೌಡರ ಮುಂದೆ ಒಂದು ಉದ್ದನೆಯ ರಿಜಿಸ್ಟರ್. ಅದಕ್ಕೆ ಬಿಳಿ ದಾರದಲ್ಲಿ ಕಟ್ಟಿದ ಒಂದು ಪೆನ್ನು. ಬಂದವರ ಹೆಸರು, ತಂದೆಯ ಹೆಸರು, ಊರು, ಯಾರನ್ನು ಕಾಣಬೇಕು, ಚೀಲದಲ್ಲಿ ಏನಿದೆ, ಬಂದ ಸಮಯ. ಇಷ್ಟನ್ನು ಬರೆಯಲು ಒಂದು ನಿಮಿಷ ಸಾಕು. ಆದರೆ ಹೊಂಬೇಗೌಡರಿಗೆ ಬರೆದರಷ್ಟೇ ಸಾಲದು. ಈಗ ಗೇಟ್ ಇರುವ ಜಾಗ ಅವರದೇ ರಾಗಿ ಹೊಲವಾಗಿತ್ತು. ಕೈಗಾರಿಕಾ ಪ್ರದೇಶಕ್ಕೆ ಜಮೀನು ಹೋದ ಮೇಲೆ ಅವರಿಗೆ ಸೆಕ್ಯುರಿಟಿ ಕೆಲಸ ಸಿಕ್ಕಿತು. ಗೇಟಿಗೆ ಬಂದವರು ತಮ್ಮ ಹೊಲದ ಬದುವಿಗೆ ಬಂದವರು ಅನ್ನುವ ಲೆಕ್ಕ ಅವರದು. ಯಾರ ಮಗ, ಯಾರ ಮಗಳು, ಆ ಊರಿನಲ್ಲಿ ಇಂಥವರು ಗೊತ್ತಾ, ಈ ಸಲ ಮಳೆ ಹೇಗೆ, ಇಷ್ಟು ವಿಚಾರಿಸದೆ ಮುಂದಕ್ಕೆ ಬಿಟ್ಟರೆ ಬಂದವರಿಗೆ ಅವಮಾನ. ಬಂದವರಲ್ಲಿ ಮುಕ್ಕಾಲು ಜನಕ್ಕೆ ಬೇಕಾಗಿದ್ದದ್ದು ಸೈಟ್ ಯಾವಾಗ ಸರಿಯಾಗುತ್ತದೆ ಅನ್ನುವ ಒಂದೇ ಉತ್ತರ. ಅದಕ್ಕೂ ತಂದೆಯ ಹೆಸರು ಕೊಡಬೇಕು.

ಜನ ಹೆಚ್ಚಾದದ್ದು ನೋಡಿ ಮ್ಯಾನೇಜರು ಬೆಳಿಗ್ಗೆಯೇ ಅಕ್ಕಪಕ್ಕದ ಫ್ಯಾಕ್ಟರಿಗಳಿಂದ ಇನ್ನೂ ಮೂವರು ಸೆಕ್ಯುರಿಟಿಯವರನ್ನು ಕರೆಸಿದ್ದರು. ಈಗ ನಾಲ್ವರು. ಬುಕ್ಕು ಒಂದೇ, ಪೆನ್ನು ಒಂದೇ. ಮೊದಲು ಒಬ್ಬರು ಬರೆಯುತ್ತಿದ್ದರು. ಈಗ ಒಬ್ಬರು ಬರೆಯುತ್ತಿದ್ದರು, ಮೂವರು ಪಕ್ಕದಲ್ಲಿ ನಿಂತು "ಆಯ್ತಾ? ಆಯ್ತಾ?" ಅಂತ ಕೇಳುತ್ತಿದ್ದರು. ಪ್ರತಿ ಸಲ ಕೇಳಿದಾಗ ಬರೆಯುವವರು ತಲೆ ಎತ್ತಿ "ಇನ್ನೂ ಇಲ್ಲ" ಅನ್ನಬೇಕಾಗಿತ್ತು. ದೂರದಿಂದ ನೋಡಿದರೆ ನಾಲ್ವರೂ ಬಿಡುವಿಲ್ಲದೆ ದುಡಿಯುತ್ತಿರುವಂತೆ ಕಾಣುತ್ತಿತ್ತು.

ಒಂದು ಪೆನ್ನಿನ ಈ ನಿಯಮ ಯಾರು ಮಾಡಿದರು ಅಂತ ನಾನು ಲೈನಿನಲ್ಲಿ ನಿಂತು ಸ್ವಲ್ಪ ಜೋರಾಗಿಯೇ ಗೊಣಗಿದೆ. ಹೊಂಬೇಗೌಡರಿಗೆ ಕೇಳಿಸಿತು.

"ನೀವೇ ಅಲ್ವಾ ಸಾ?" ಅಂದರು.

ಹೌದು. ನಾನೇ. ಹೋದ ವರ್ಷ ಪಾರ್ಕಿಂಗಿನಲ್ಲಿ ನನ್ನ ಹೆಲ್ಮೆಟ್ ಕಳೆದುಹೋಯಿತು. ಸಿಟ್ಟಿನಲ್ಲಿ ಒಂದು ಮೆಮೊ ಬರೆದೆ. ಕಾರ್ಡ್ ಇಲ್ಲದ ಯಾರೇ ಆಗಲಿ, ಮೊದಲು ಬುಕ್ಕಿನಲ್ಲಿ ದಾಖಲಾಗಿ ಆಮೇಲೆ ಒಳಗೆ ಬರಬೇಕು. ಬುಕ್ಕು ಒಂದೇ ಇರಬೇಕು. ಆಮೇಲೆ ಯಾರೂ ತಿದ್ದಬಾರದು, ಅದಕ್ಕೆ ಪೆನ್ನೂ ಒಂದೇ ಇರಬೇಕು, ಬುಕ್ಕಿಗೆ ಕಟ್ಟಿರಬೇಕು. ಯಾರಿಗೂ ವಿನಾಯಿತಿ ಇಲ್ಲ ಅನ್ನುವ ಮಾತಿನ ಕೆಳಗೆ ಎರಡು ಗೆರೆ ಎಳೆದಿದ್ದೆ. ಮ್ಯಾನೇಜರು ಮೆಚ್ಚಿ ಸಹಿ ಹಾಕಿದ್ದರು. ಆ ಗೆರೆಗಳು ಈಗ ನನ್ನ ಕಾಲಿಗೇ ತೊಡರಿಕೊಂಡಿದ್ದವು. ನನಗೆ ನಾಚಿಕೆಯಾಯಿತು. ಹೆಲ್ಮೆಟ್ ಆಮೇಲೆ ನಮ್ಮ ಮನೆಯ ಮಂಚದ ಕೆಳಗೇ ಸಿಕ್ಕಿತ್ತು ಅನ್ನುವುದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ, ಈಗ ನಿಮಗೆ ಹೇಳುತ್ತಿದ್ದೇನೆ.

ಹನ್ನೊಂದೂವರೆಗೆ ಮ್ಯಾನೇಜರು ಒಳಗಿನಿಂದ ಒಂದು ಉಪಾಯ ಕಳಿಸಿದರು. ಬಂದವರಿಗೆಲ್ಲ ಚೀಟಿ ಕೊಡಿ, ಹೊಂಗೆ ಮರದ ಕೆಳಗೆ ಕೂರಿಸಿ, ಒಳಗೆ ಬರಲೇಬೇಕಾದವರನ್ನು ಮಾತ್ರ ಬುಕ್ಕಿನಲ್ಲಿ ಬರೆಸಿ. (ಈ ಉಪಾಯ ಅವರಿಗೆ ಎಲ್ಲಿಂದ ಹೊಳೆಯಿತು ಅಂತ ನನಗೆ ಗೊತ್ತು. ಶುಕ್ರವಾರ ನಾನೇ ಸರ್ವರ್ ವಿಷಯ ವಿವರಿಸುವಾಗ ಹೇಳಿದ್ದೆ.) ಚೀಟಿ ಬಂತು. ಲೈನು ಮಾತ್ರ ಕದಲಲಿಲ್ಲ. ಹತ್ತು ನಿಮಿಷ ಆಯಿತು, ಇಪ್ಪತ್ತು ಆಯಿತು. ಮೊದಲಿನ ವೇಗವೇ.

ಸವಿತಾ ಕತ್ತು ಉದ್ದ ಮಾಡಿ ನೋಡುತ್ತಿದ್ದಳು. ಗಾರ್ಮೆಂಟ್ಸಿನಲ್ಲಿ ಎರಡು ವರ್ಷ ಲೈನಿನಲ್ಲಿ ಕೆಲಸ ಮಾಡಿದವಳು. ಲೈನು ಎಲ್ಲಿ ನಿಲ್ಲುತ್ತದೆ ಅಂತ ಅವಳ ಕಣ್ಣಿಗೆ ಬೀಳುತ್ತದೆ. ಫೈಲನ್ನು ನನ್ನ ಕೈಗೆ ಕೊಟ್ಟು, ನೋಡಿಕೊಂಡಿರಿ ಸಾರ್ ಅಂತ ಹೇಳಿ, ಸೀದಾ ಮುಂದಕ್ಕೆ ಹೋದಳು.

"ಅಣ್ಣಾ, ಚೀಟಿ ಕೊಡಕ್ಕೆ ಬುಕ್ ಯಾಕೆ ತೆಗೀತೀರ?" ಅಂತ ಕೇಳಿದಳು.

ಹೊಂಬೇಗೌಡರು ಚೀಟಿ ಕೊಡುತ್ತಿದ್ದರು ನಿಜ. ಆದರೆ ಪ್ರತಿ ಚೀಟಿ ಕೊಡುವ ಮೊದಲು ದಾರದ ಪೆನ್ನು ಎತ್ತಿಕೊಂಡು, ಬುಕ್ಕಿನಲ್ಲಿ "ಇಂಥವರಿಗೆ ಚೀಟಿ ಕೊಟ್ಟಿದೆ" ಅಂತ ಬರೆಯುತ್ತಿದ್ದರು. ತಂದೆಯ ಹೆಸರಿನ ಸಮೇತ.

"ಬರೀದೆ ಎಂಗವ್ವ ಕೊಡದು? ಯಾರ್ಗ್ ಕೊಟ್ಟೆ ಅಂತ ನಂಗೆ ಗೊತ್ತಾಗ್ಬೇಕಲ್ಲ."

"ನಿಮ್ಗ್ಯಾಕಣ್ಣ ಗೊತ್ತಾಗ್ಬೇಕು? ಹೆಸ್ರು ಟೈಮು ಚೀಟಿ ಮೇಲೇ ಬರ್ದು ಸೈನ್ ಹಾಕ್ಬುಡಿ. ವಾಪಸ್ ತಂದಾಗ ನಿಮ್ ಸೈನು ನಿಮ್ಗೆ ಗುರ್ತು ಸಿಗಲ್ವಾ? ಬುಕ್ಕು ಅವಾಗ್ ತೆಗೀರಿ. ವಾಪಸ್ ಬರ್ದೇ ಇರೋರ್ಗೆಲ್ಲ ಯಾಕೆ ಬುಕ್ಕು?"

ಹೊಂಬೇಗೌಡರು ದಾರದ ಪೆನ್ನನ್ನು ಬುಕ್ಕಿನ ಮೇಲೆ ಮಲಗಿಸಿ, ತಮ್ಮ ಜೇಬಿನಿಂದ ಬೇರೆ ಪೆನ್ನು ತೆಗೆದರು. ಪಕ್ಕದ ಮೂವರೂ ತಮ್ಮ ತಮ್ಮ ಜೇಬು ತಡವಿಕೊಂಡರು. ಮೂರು ಜೇಬಿನಲ್ಲೂ ಪೆನ್ನಿತ್ತು. ಬೆಳಗಿನಿಂದ ಇತ್ತು.

ನಾಲ್ಕು ಕಡೆ ನಾಲ್ಕು ಲೈನಾಯಿತು. ಆ ಮೂವರಲ್ಲಿ ಒಬ್ಬರಿಗೆ ಬರೆಯಲು ಬರುತ್ತಿರಲಿಲ್ಲ, ಸಹಿ ಮಾತ್ರ ಬರುತ್ತಿತ್ತು. ಅವರ ಪಕ್ಕದಲ್ಲಿ ಸವಿತಾ ಕೂತು ಬರೆದಳು, ಅವರು ಸಹಿ ಹಾಕಿದರು. ಕಾಲು ಗಂಟೆಯಲ್ಲಿ ಗೇಟು ಖಾಲಿ. ಹೊಂಗೆ ಮರದ ಕೆಳಗೆ ಎಲ್ಲರೂ ಚೀಟಿ ಹಿಡಿದು ಕೂತಿದ್ದರು. ಬುಕ್ಕು ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು. ನಾನು ಅದರಲ್ಲಿ ಆರಾಮವಾಗಿ ನನ್ನ ಹೆಸರು, ನಮ್ಮ ತಂದೆಯ ಹೆಸರು ಬರೆದೆ. ಚೀಲದಲ್ಲಿ ಏನಿದೆ ಅನ್ನುವಲ್ಲಿ ಚಿತ್ರಾನ್ನ ಅಂತ ಬರೆದೆ. ಸವಿತಾಳ ಫೈಲು ವಾಪಸ್ ಕೊಟ್ಟು ಒಳಗೆ ಓಡಿದೆ.

ಓಡಿದ್ದು ಯಾಕೆಂದರೆ, ಚೀಟಿ ಕೊಡಕ್ಕೆ ಬುಕ್ ಯಾಕೆ ಅನ್ನುವ ಪ್ರಶ್ನೆ ಅವಳು ಕೇಳಿದ್ದು ಹೊಂಬೇಗೌಡರಿಗೆ. ಉತ್ತರ ಕೊಡಬೇಕಾಗಿದ್ದವನು ನಾನು.

ಕಂಪ್ಯೂಟರಿನ ಒಳಗೆ ಎಲ್ಲದಕ್ಕೂ ಯಜಮಾನಿಕೆ ಮಾಡುವ ಒಂದು ಸಾಫ್ಟ್‌ವೇರ್ ಇರುತ್ತದೆ, ಅದು ಕರ್ನಲ್. ಬಾಗಿಲಿನ ಪಟ್ಟಿಯಲ್ಲಿ ಎರಡು ಪ್ರೊಸೆಸರ್ ಒಟ್ಟಿಗೆ ಬರೆದು ಗಲೀಜು ಮಾಡಬಾರದು ಅಂತ ಕರ್ನಲ್ ಆ ಬಾಗಿಲಿಗೆ ಒಂದು ಲಾಕ್ ಇಟ್ಟಿರುತ್ತದೆ. ಲಾಕ್ ಯಾರ ಕೈಯಲ್ಲಿದೆಯೋ ಅವರು ಮಾತ್ರ ಬರೆಯಬೇಕು. ಅದೇ ದಾರದ ಪೆನ್ನು. ನಾನು ಶುಕ್ರವಾರ ಚೀಟಿ ಪದ್ಧತಿ ಚಾಲೂ ಮಾಡಿದ್ದೆ. ಆದರೆ ನಮ್ಮ ಸರ್ವರಿನಲ್ಲಿದ್ದ ಕರ್ನಲ್ ಪ್ರತಿ ಚೀಟಿ ಕೊಡುವ ಮೊದಲು ಲಾಕ್ ಎತ್ತಿಕೊಳ್ಳುತ್ತಿತ್ತು. ಬರೆಯಲು ಏನೂ ಇಲ್ಲದಿದ್ದರೂ ಎತ್ತಿಕೊಳ್ಳುತ್ತಿತ್ತು. ಎಂಟು ಪ್ರೊಸೆಸರಿನಲ್ಲಿ ಒಂದು ಚೀಟಿ ಕೊಡುತ್ತಿತ್ತು, ಏಳು ನಿಂತು "ಆಯ್ತಾ? ಆಯ್ತಾ?" ಅನ್ನುತ್ತಿದ್ದವು. ಮ್ಯಾನೇಜರ ಪರದೆಯ ಮೇಲೆ ಎಂಟೂ ಬಿಡುವಿಲ್ಲದೆ ದುಡಿಯುತ್ತಿರುವಂತೆ ಕಾಣುತ್ತಿತ್ತು.

ಎರಡು ದಿನದಿಂದ ನಾನು ಆ ಪರದೆ ನೋಡುತ್ತಿದ್ದೆ. ನನಗೆ ಕಂಡಿರಲಿಲ್ಲ.

ಕೋಡ್ ಬಿಚ್ಚಿ, ಲಾಕ್ ತೆಗೆದುಕೊಳ್ಳುವ ಸಾಲನ್ನು ಕೆಳಗೆ ಸರಿಸಿದೆ. ಮೊದಲು ಕೇಳು, ಬಂದದ್ದು ಬರೀ "ಬರಲಾ"ನಾ? ಪಟ್ಟಿ ತುಂಬಿದೆಯಾ? ಹಾಗಿದ್ದರೆ ಲಾಕ್ ಮುಟ್ಟದೆ ಚೀಟಿ ಕೊಟ್ಟು ಕಳಿಸು. ಚೀಟಿ ಹಿಡಿದು ವಾಪಸ್ ಬಂದರೆ ಗುರುತು ನೋಡು, ಸರಿ ಇದ್ದರೆ ಮಾತ್ರ ಲಾಕ್ ತೆಗೆದುಕೊ. ಹೇಳಲು ಇಷ್ಟೇ. ಮಾಡಲು ಎರಡು ಗಂಟೆ ಹಿಡಿಯಿತು. ಚಿತ್ರಾನ್ನ ಡಬ್ಬಿಯಲ್ಲೇ ಉಳಿಯಿತು.

ಹಳೆಯ ಸರ್ವರಿನಲ್ಲಿ ಹಾಕಿ ಪರೀಕ್ಷೆ ಮಾಡಿದೆ. ಒಂದು ಸಲ ಕೆಟ್ಟಿತು. ಎರಡನೆಯ ಸಲ ನಿಂತಿತು. ಆಗ ಗಂಟೆ ಮೂರೂ ಮುಕ್ಕಾಲು. ಹೊಸ ಸರ್ವರಿಗೆ ಹಾಕಬೇಕಾದರೆ ಅದನ್ನು ಆರಿಸಿ ಹಚ್ಚಬೇಕು. ಆರಿಸಿದ್ದು ಹತ್ತದೇ ಹೋದರೆ ಐದು ಗಂಟೆಯ ಒಳಗೆ ಯಾರ ಅರ್ಜಿಯೂ ಹೋಗುವುದಿಲ್ಲ. ಈಗ ತೆವಳುತ್ತಾ ಹೋಗುತ್ತಿರುವ ಹತ್ತಿಪ್ಪತ್ತೂ ಹೋಗುವುದಿಲ್ಲ.

ಇವತ್ತೇ ಮಾಡಬೇಕಾ ಅಂತ ಮ್ಯಾನೇಜರು ಕೇಳಿದರು. ಸೋಮವಾರ ಮಾಡಿದರೆ ಯಾರಿಗೆ ಬೇಕು ಅಂತ ನಾನು ಕೇಳಿದೆ. ಅವರು ಎದ್ದು ಹೋಗಿ ಸರ್ವರಿನ ಕುಂಕುಮದ ಮೇಲೆ ಇನ್ನೊಂದು ಸಲ ಕೈ ಮುಗಿದು ಬಂದರು. ಆರಿಸಿದೆ. ಏಳು ನಿಮಿಷ ಕಪ್ಪು ಪರದೆ. ಒಂಬತ್ತು ವರ್ಷದ ನೌಕರಿಯಲ್ಲಿ ನಾನು ಅಷ್ಟು ಹೆದರಿದ್ದಿಲ್ಲ.

ಹತ್ತಿತು. ಹೊರಗೆ "ಬರಲಾ, ಬರಲಾ" ಅನ್ನುವವರು ಮೊದಲಿನಷ್ಟೇ ಇದ್ದರು, ಒಬ್ಬರೂ ಕಡಿಮೆಯಾಗಿರಲಿಲ್ಲ. ಆದರೆ ಈಗ ಎಂಟು ಪ್ರೊಸೆಸರೂ ತಮ್ಮ ತಮ್ಮ ಪಾಡಿಗೆ ಚೀಟಿ ಹಂಚುತ್ತಿದ್ದವು. ಅರ್ಜಿಗಳು ಒಂದರ ಹಿಂದೆ ಒಂದು ಬರತೊಡಗಿದವು. ನಾಲ್ಕೂಕಾಲಿಗೆ ಗೇಟಿಗೆ ಫೋನ್ ಮಾಡಿ ಸೈಟ್ ಸರಿಯಾಗಿದೆ ಅಂದೆ. ಈ ಸಲ ಹೊಂಬೇಗೌಡರು ಎತ್ತಿದರು.

ಹೊಂಗೆ ಮರದ ಕೆಳಗಿದ್ದವರೆಲ್ಲ ಹಾರೋಹಳ್ಳಿಯ ಬ್ರೌಸಿಂಗ್ ಸೆಂಟರಿಗೆ ಓಡಿದರು. ಅಲ್ಲಿರುವುದು ನಾಲ್ಕು ಕಂಪ್ಯೂಟರ್. ಇದು ನನಗೆ ನೆನಪಾಗಿದ್ದು ಇಪ್ಪತ್ತು ನಿಮಿಷದ ಮೇಲೆ. ಕಿಟಕಿಯಿಂದ ನೋಡಿದೆ. ಗೇಟಿನ ಹತ್ತಿರ ಸವಿತಾ ಮತ್ತೆ ಬಂದು ಕೂತಿದ್ದಳು. ಸೈಟ್ ಸರಿಯಾದ ಸುದ್ದಿಯನ್ನು ತಡವಾಗಿ ಬಂದವರಿಗೆಲ್ಲ ಚೀಟಿಯಲ್ಲಿ ಬರೆದು ಬರೆದು ಕೊಡುತ್ತಿದ್ದಳು, ಹೊಂಬೇಗೌಡರು ಒಸಿ ಇರವ್ವ ಅಂದಿದ್ದರಂತೆ. ಅವಳು ಸೆಂಟರಿಗೆ ಹೋಗಿ ವಾಪಸ್ ಬಂದೂ ಆಗಿತ್ತು. ಅಲ್ಲಿ ಬಾಗಿಲ ಹೊರಗೆ ಐವತ್ತು ಜನ ಇದ್ದರು.

ಕೆಳಗಿಳಿದು ಹೋಗಿ, ಬಾ, ನನ್ನ ಕಂಪ್ಯೂಟರಿನಲ್ಲಿ ಹಾಕು ಅಂದೆ. ನಾಲ್ಕು ನಲವತ್ತೈದು.

ಒಳಗೆ ಬರಬೇಕಾದರೆ ಬುಕ್ಕಿನಲ್ಲಿ ಬರೆಯಬೇಕು. ಬುಕ್ಕು ಆಗ ಹೊಸೂರಿನಿಂದ ನಮಗೆ ಕಂಪ್ಯೂಟರ್ ಸಾಮಾನು ತಂದ ಲಾರಿ ಡ್ರೈವರ್ ಕೈಯಲ್ಲಿತ್ತು. ಲೋಡಿನಲ್ಲಿದ್ದ ಒಂದೊಂದೇ ಸಾಮಾನನ್ನು ಬಿಲ್ಲು ನೋಡಿ ಬುಕ್ಕಿಗೆ ಇಳಿಸುತ್ತಿದ್ದ. ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದ. ಅರ್ಧವೂ ಆಗಿರಲಿಲ್ಲ. ಅರ್ಧಕ್ಕೆ ನಿಲ್ಲಿಸಿ ಬೇರೆಯವರು ಬರೆಯುವಂತಿಲ್ಲ, ಅದೂ ನನ್ನ ಮೆಮೊದಲ್ಲೇ ಇದೆ. ನಾನು ಡ್ರೈವರ್ ಮುಖ ನೋಡಿದೆ. ಸವಿತಾ ಗಡಿಯಾರ ನೋಡಿದಳು.

ಮಾತಾಡಿದ್ದು ಹೊಂಬೇಗೌಡರು.

"ನೀ ಹೋಗವ್ವ. ಆಮ್ಯಾಕ್ ಬರ್ಕೊತೀನಿ," ಅಂದು ಗೇಟ್ ತೆಗೆದರು.

ಓಡಿದೆವು. ಅವಳ ಫೋಟೊ, ಮಾರ್ಕ್ಸ್ ಕಾರ್ಡ್ ಎಲ್ಲ ಒಂದು ಸಿಡಿಯಲ್ಲಿತ್ತು. ಹೆಸರು, ಜನ್ಮದಿನಾಂಕ, ಡಿಪ್ಲೊಮ ತುಂಬಿದಳು. ಫೋಟೊ ಸೈಜ್ ಜಾಸ್ತಿಯಾಗಿದೆ ಅಂತ ಸೈಟ್ ತಕರಾರು ತೆಗೆಯಿತು. (ಆ ಮಿತಿ ಹಾಕಿದ್ದು ಯಾರು ಅಂತ ಕೇಳಬೇಡಿ.) ಫೋಟೊ ಚಿಕ್ಕದು ಮಾಡಿಕೊಟ್ಟೆ. ನಾಲ್ಕು ಐವತ್ತಾರಕ್ಕೆ ಪರದೆಯ ಮೇಲೆ ಅರ್ಜಿ ನಂಬರ್ ಬಂತು. ಅವಳು ಅದನ್ನು ಫೈಲಿನ ಮೇಲೆ ತನ್ನ ಊರಿನ ಹೆಸರಿನ ಕೆಳಗೆ ಬರೆದುಕೊಂಡಳು. ಆಮೇಲೆ ಈ ಸೈಟ್ ನೋಡಿಕೊಳ್ಳುವವರು ಯಾರು ಸಾರ್ ಅಂತ ಕೇಳಿದಳು. ನಾನೇ ಅಂದೆ. ಬೈಯುತ್ತಾಳೆ ಅಂದುಕೊಂಡೆ. ಕೊನೆಯ ಬಸ್ಸಿನ ಟೈಮು ಕೇಳಿ ಹೊರಟಳು.

ಕಥೆ ಇಲ್ಲಿಗೆ ಮುಗಿದಿದ್ದರೆ ನನಗೂ ಖುಷಿಯಾಗುತ್ತಿತ್ತು.

ಸೋಮವಾರ ಮ್ಯಾನೇಜರು ಎಲ್ಲರನ್ನೂ ಕರೆದು ನನಗೊಂದು ಸರ್ಟಿಫಿಕೇಟ್ ಕೊಟ್ಟರು. ಬರೆಯುವ ಮೊದಲು ಒಳಗೆ ಬಿಡುವ ಧೈರ್ಯ ತೋರಿಸಿ ಸರ್ವರ್ ಉಳಿಸಿದ್ದಕ್ಕೆ ಅಂತ ಭಾಷಣದಲ್ಲಿ ಹೇಳಿದರು. (ತಾಂತ್ರಿಕವಾಗಿ ಅದು ಅಷ್ಟು ಸರಿಯಲ್ಲ. ತಿದ್ದಲು ಹೋಗಲಿಲ್ಲ.) ಚೀಟಿಗೆ ಬುಕ್ಕು ಯಾಕೆ ಅಂತ ಮೊದಲು ಕೇಳಿದವಳು ಕಲ್ಯದ ಸವಿತಾ ಅಂತ ನಾನು ಹೇಳಿದೆ. ಎಲ್ಲರೂ ಅದನ್ನು ವಿನಯ ಅಂದುಕೊಂಡು ಇನ್ನೊಂದು ಸಲ ಚಪ್ಪಾಳೆ ತಟ್ಟಿದರು.

ಅದೇ ದಿನ ಮಧ್ಯಾಹ್ನ ಆಡಿಟ್‌ನವರು ಗೇಟಿನ ಬುಕ್ಕು ನೋಡಿದರು. ಶನಿವಾರದ ಪುಟದ ಕೊನೆಯಲ್ಲಿ, ಲಾರಿಯ ಸಾಮಾನಿನ ಕೆಳಗೆ, ಹೊಂಬೇಗೌಡರು ಬರೆದಿದ್ದರು: ಸವಿತಾ, ಕಲ್ಯ, ಮಾಗಡಿ ತಾಲ್ಲೂಕು. ನಾಲ್ಕು ನಲವತ್ತೇಳಕ್ಕೆ ಒಳಗೆ ಹೋದರು. ಐದು ಹತ್ತಕ್ಕೆ ಬರೆದಿರುತ್ತೇನೆ. ಮೊದಲು ಬಿಟ್ಟೆ, ಆಮೇಲೆ ಬರೆದೆ.

ಕೊನೆಯ ಎರಡು ಸಾಲು ಬರೆಯದೇ ಇದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಹೊಂಬೇಗೌಡರಿಗೆ ಮೆಮೊ ಹೋಯಿತು. ದಾಖಲಿಸುವ ಮೊದಲು ಹೊರಗಿನವರನ್ನು ಒಳಗೆ ಬಿಟ್ಟದ್ದಕ್ಕೆ ಕಾರಣ ಕೊಡಿ, ಇಲ್ಲವಾದರೆ ಕ್ರಮ. ಸಹಿ ಮ್ಯಾನೇಜರದು. ನನ್ನ ಸರ್ಟಿಫಿಕೇಟಿನ ಸಹಿಯ ಪಕ್ಕ ಇಟ್ಟು ನೋಡಿದೆ. ಎರಡೂ ಒಂದೇ ಹಸಿರು ಇಂಕು. ಕರೆತಂದವನು ನಾನು, ಮೆಮೊ ನನಗೆ ಕೊಡಿ ಅಂತ ಮ್ಯಾನೇಜರ ಹತ್ತಿರ ಹೋಗಿ ಕೇಳಿದೆ. ಅದು ಬೇರೆ ಇದು ಬೇರೆ, ಗೇಟ್ ತೆಗೆದದ್ದು ನೀವಲ್ಲವಲ್ಲ ಅಂದರು.

ಹೊಂಬೇಗೌಡರು ಮೆಮೊ ಹಿಡಿದು ನನ್ನ ಹತ್ತಿರವೇ ಬಂದರು. ಉತ್ತರ ಇಂಗ್ಲಿಷಿನಲ್ಲಿ ಬೇಕಂತೆ, ಬರೆದುಕೊಡಿ ಅಂದರು.

"ತಪ್ ಮಾಡಿವ್ನಿ ಅಂತ್ಲೇ ಬರೀರಿ ಸಾ, ಪರ್ವಾಗಿಲ್ಲ. ಆ ಮಗೀಂದು ಅರ್ಜಿ ನಿಂತೈತಾ ಅಂತ ಒಸಿ ನೋಡಿ ಹೇಳಿ."

ನೋಡಿದೆ. ನಿಂತಿದೆ. ಪರೀಕ್ಷೆಗೆ ಕರೆದಿದ್ದಾರೆ. ಹೇಳಿದೆ. ಸರಿ ಬುಡಿ ಅಂತ ಹೇಳಿ ಗೇಟಿಗೆ ಹೋದರು.

ಇದು ನಡೆದು ಮೂರು ದಿನವಾಯಿತು. ಉತ್ತರವನ್ನು ಯಾರಿಗೆ ಸಲ್ಲಿಸಬೇಕು ಅಂತ ಮೆಮೊದ ಕೊನೆಯಲ್ಲಿದೆ: ಈ ನಿಯಮವನ್ನು ರೂಪಿಸಿದವರಿಗೆ. ಕೆಳಗೆ ನನ್ನ ಹೆಸರು. ಬರೆಯಬೇಕಾದವನು ನಾನೇ, ಓದಬೇಕಾದವನು ನಾನೇ, ಪೆನ್ನಿಗೆ ಯಾವ ದಾರವೂ ಇಲ್ಲ. ಮತ್ಯಾಕೆ ಒಂದು ಸಾಲೂ ಮುಂದಕ್ಕೆ ಹೋಗುತ್ತಿಲ್ಲ?